ಅರಸನ ಕಣ್ಣೀರು, ಆಳಿನ ಲೆಕ್ಕ

ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುವ ಅಧ್ಯಾಪಕನಿಗೆ ಒಂದು ಅನುಕೂಲವಿದೆ. ಹಳಗನ್ನಡವೆಂದರೆ ಮುಖ ಸಿಂಡರಿಸುವ ಹುಡುಗರೂ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುವ ಭಾಗಕ್ಕೆ ಬಂದೊಡನೆ ತಲೆಯೆತ್ತಿ ಕೇಳುತ್ತಾರೆ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಈ ಭಾಗವನ್ನು ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ತರಗತಿಯ ಕಿಟಕಿಯಿಂದ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. ಚಂದ್ರದ್ರೋಣ ಪರ್ವತವೆಂದು ಅದಕ್ಕಿರುವ ಇನ್ನೊಂದು ಹೆಸರನ್ನು ನೆನಪಿಸಿ, ದ್ರೋಣನ ಹೆಣದ ಮುಂದೆ ದುರ್ಯೋಧನನನ್ನು ನಿಲ್ಲಿಸಿ, ಲಕ್ಷ್ಮಣಕುಮಾರ, ದುಶ್ಶಾಸನ, ಕರ್ಣ ಎಂದು ಒಂದೊಂದೇ ಶೋಕವನ್ನು ದಾಟಿಸಿ, ಗಂಟೆ ಬಾರಿಸುವ ಹೊತ್ತಿಗೆ “ಇವನು ಖಳನಲ್ಲ, ದುರಂತ ನಾಯಕ” ಎಂದು ಮುಗಿಸುವುದು ನನ್ನ ರೂಢಿಯಾಗಿತ್ತು. ನನ್ನ ಗುರುಗಳೂ ಹಾಗೆಯೇ ಮುಗಿಸುತ್ತಿದ್ದರು.

ಹೀಗೆ ಮುಗಿಸಿದ ಒಂದು ದಿನ ಕಳಸದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿ ಎದ್ದುನಿಂತಳು. “ಸರ್, ನಮ್ಮಪ್ಪ ತೋಟದಲ್ಲಿ ರೈಟರು. ಬೆಳಿಗ್ಗೆ ಎದ್ದು ಕೆಲಸಕ್ಕೆ ಬಂದ ಆಳುಗಳ ಹೆಸರನ್ನೆಲ್ಲ ಒಂದೂ ಬಿಡದೆ ಬರೀತಾರೆ. ದುರ್ಯೋಧನನ ಹತ್ತಿರ ಹಾಜರಿ ಪುಸ್ತಕ ಇರಲಿಲ್ವಾ?” ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆಕೆ ನಗಲಿಲ್ಲ. ಅವಳ ಅಜ್ಜನ ತಮ್ಮ 1962ರ ಯುದ್ಧಕ್ಕೆ ಹೋದವರು ಹಿಂತಿರುಗಲಿಲ್ಲವಂತೆ. ಕಾಣೆಯಾದರೆಂದು ಒಂದು ಕಾಗದ ಬಂತಂತೆ. ದೇಹ ಬರಲಿಲ್ಲ, ತಿಥಿ ಗೊತ್ತಿಲ್ಲದುದರಿಂದ ಮನೆಯವರು ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುತ್ತಾರಂತೆ. “ಕರ್ಣನ ಹೆಸರು ಹೇಳಿ ಅರಸ ಅತ್ತ. ನಮ್ಮ ಚಿಕ್ಕಜ್ಜನ ಹೆಸರು ಹೇಳಿ ಯಾರು ಅತ್ತರು ಸರ್?” ಎಂದು ಕೇಳಿ ಕುಳಿತಳು.

ಆ ಪ್ರಶ್ನೆಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಕಾವ್ಯಕ್ಕೆ ಹೊರಗಿನ ಪ್ರಶ್ನೆಯೆಂದು ಅದನ್ನು ಪಕ್ಕಕ್ಕಿಡಬಹುದಿತ್ತು. ವಿಮರ್ಶಕರು ಅನೇಕ ವೇಳೆ ಹಾಗೆ ಮಾಡುತ್ತೇವೆ. ಆದರೆ ಮನೆಗೆ ಬಂದು ಕಾವ್ಯವನ್ನು ಮತ್ತೆ ತೆರೆದಾಗ, ಆ ಪ್ರಶ್ನೆ ಕಾವ್ಯದ ಒಳಗೇ ಇದೆಯೆಂದು ನನಗೆ ತೋರಿತು. ಯುದ್ಧ ನಡೆಸಿದವನು ಯಾರಿಗೆ ಉತ್ತರ ಹೇಳಬೇಕು? ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಆ ಉತ್ತರವನ್ನು ಕೇಳಬಹುದೆ? ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ಕಾಫಿ ಹೋಟೆಲಿನ ಮೇಜುಗಳಲ್ಲಿ ಇಂದು ನಡೆಯುವ ವಾದವೂ ಇದೇ ಅಲ್ಲವೆ?

ರನ್ನನ ಕಾವ್ಯ ಆರಂಭವಾಗುವಾಗ ಯುದ್ಧ ಮುಗಿದಿಲ್ಲ. ಕರ್ಣ ಸತ್ತಿದ್ದಾನೆ, ಶಲ್ಯ ಸತ್ತಿದ್ದಾನೆ. ಆದರೆ ಅರಸ ಬದುಕಿದ್ದಾನೆ, ಅವನ ಕೈಯಲ್ಲಿ ಗದೆಯಿದೆ. ನಿಲ್ಲಿಸಬೇಕೆಂದರೆ ನಿಲ್ಲಿಸಬಹುದಾದ ಘಳಿಗೆ ಅದು. ಧೃತರಾಷ್ಟ್ರ ಗಾಂಧಾರಿಯರು ಬಂದು ಸಂಧಿ ಮಾಡಿಕೋ ಎನ್ನುತ್ತಾರೆ. ಮುಂದೆ ಶರಶಯ್ಯೆಯ ಮೇಲಿನ ಭೀಷ್ಮನೂ ಅದನ್ನೇ ಹೇಳುತ್ತಾನೆ. ಇವರ ಮಾತಿಗೂ ಭೀಷ್ಮನ ಮಾತಿಗೂ ನಡುವೆ ಕವಿ ಆ ದೀರ್ಘವಾದ ನಡಿಗೆಯನ್ನು ಇಟ್ಟಿದ್ದಾನೆ. ಇದು ಆಕಸ್ಮಿಕವಲ್ಲ. ತಂದೆತಾಯಿಗಳ ಬುದ್ಧಿವಾದಕ್ಕೆ ಮಣಿಯದವನು ತಾನು ಮಾಡಿದ್ದನ್ನು ಕಣ್ಣಾರೆ ಕಂಡರೆ ಮಣಿಯಬಹುದೆ ಎಂಬ ಪರೀಕ್ಷೆಯನ್ನು ರನ್ನನು ಇಲ್ಲಿ ಒಡ್ಡಿದಂತಿದೆ.

ದುರ್ಯೋಧನನು ಕಾಣುತ್ತಾನೆ, ನಿಜವಾಗಿಯೂ ಕಾಣುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಅವನ ಸಾಹಸವನ್ನು ಮೆಚ್ಚಿ, ತನಗೂ ಅಂಥ ಮರಣ ಬರಲಿ ಎನ್ನುವ ದೊಡ್ಡತನ ಅವನಿಗಿದೆ. ಮಗನು ತಂದೆಗೆ ತರ್ಪಣ ಬಿಡುವ ಕ್ರಮ ತಲೆಕೆಳಗಾಯಿತೆಂದು ಲಕ್ಷ್ಮಣಕುಮಾರನ ಮುಂದೆ ಅಳುತ್ತಾನೆ. ಹಾಲಿನಿಂದ ಹಿಡಿದು ಎಲ್ಲದರಲ್ಲಿಯೂ ತನ್ನ ನಂತರ ಬಂದ ತಮ್ಮ ಸಾವಿನಲ್ಲಿ ಮಾತ್ರ ಮುಂದೆ ಹೋದನಲ್ಲ ಎಂದು ದುಶ್ಶಾಸನನಿಗಾಗಿ ಮರುಗುತ್ತಾನೆ. ಈ ಮಾತುಗಳನ್ನು ಕೇಳಿ ಕಣ್ಣು ಒದ್ದೆಯಾಗದವನು ಸಹೃದಯನಲ್ಲ. ರನ್ನನ ಶಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಆದರೆ ಕರ್ಣನ ಹೆಣದ ಮುಂದೆ ಬಂದಾಗ ಅವನು ಆಡುವ ಒಂದು ಮಾತನ್ನು ನಾವು ಗಮನವಿಟ್ಟು ಕೇಳಬೇಕು. ಕರ್ಣ ಯಾರ ಮಗನೆಂಬುದು ಕುಂತಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಕೃಷ್ಣನಿಗೂ ಸಹದೇವನಿಗೂ ಗೊತ್ತು, ನನಗೂ ಗೊತ್ತಿತ್ತು ಎನ್ನುತ್ತಾನೆ ದುರ್ಯೋಧನ. ಈ ಪದ್ಯವನ್ನು ನಾವು ಸ್ನೇಹದ ಪರಾಕಾಷ್ಠೆಯೆಂದು ಕೊಂಡಾಡುತ್ತ ಬಂದಿದ್ದೇವೆ: ಗೊತ್ತಿದ್ದೂ ದೂರಮಾಡಲಿಲ್ಲ, ಎಂಥ ಗೆಳೆತನ! ಇದೇ ಮಾತನ್ನು ತೋಟದ ರೈಟರ ಮಗಳ ಕಿವಿಯಿಂದ ಕೇಳಿದರೆ ಬೇರೆಯಾಗಿ ಕೇಳಿಸುತ್ತದೆ. ಗೊತ್ತಿತ್ತು, ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಮೇಲೆ ಕಳುಹಿಸಿದ. ಯುದ್ಧದ ಹೊಣೆಯನ್ನು ವಿಚಾರಿಸುವ ಎಲ್ಲ ಕಾಲದ ಎಲ್ಲ ಸಮಿತಿಗಳೂ ಮೊದಲು ಕೇಳುವ ಪ್ರಶ್ನೆ, ನಾಯಕನಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು ಎಂಬುದು. ಇರಾಕ್ ಯುದ್ಧಕ್ಕೆ ಬ್ರಿಟನ್ ಇಳಿದುದರ ಬಗ್ಗೆ ಚಿಲ್‌ಕಾಟ್ ಸಮಿತಿ 2009ರಲ್ಲಿ ಆರಂಭಿಸಿ 2016ರಲ್ಲಿ ಮುಗಿಸಿದ ವಿಚಾರಣೆಯ ತಿರುಳೂ ಅದೇ. ಸಾವಿರ ವರ್ಷದ ಹಿಂದೆಯೇ ನಮ್ಮ ಕವಿ ಆ ಪ್ರಶ್ನೆಗೆ ಉತ್ತರವನ್ನು ನಾಯಕನ ಬಾಯಿಂದಲೇ, ಯಾರೂ ಕೇಳದಿರುವಾಗಲೇ, ಹೊರಡಿಸಿದ್ದಾನೆ. ಕೇಳಿದ ನಾವು ಅದನ್ನು ತಪ್ಪೊಪ್ಪಿಗೆಯೆಂದು ಗುರುತಿಸಲಿಲ್ಲ, ಅಷ್ಟೆ.

ಇಷ್ಟು ಕಂಡ ಮೇಲೆ ದುರ್ಯೋಧನ ಏನು ಮಾಡಿದ? ಕಂಡದ್ದೇ ಮತ್ತೆ ಕಾದುವುದಕ್ಕೆ ಕಾರಣವಾಯಿತು. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರು ಬದುಕಿರುವಾಗ ಸಂಧಿಯೆಂಬ ಮಾತೇ ಇಲ್ಲ; ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಕಾದುತ್ತೇನೆ ಎಂಬುದು ಅವನ ನಿಲುವು. ಸತ್ತವರ ಹೆಸರಿನಲ್ಲಿ ಇನ್ನಷ್ಟು ಸಾವನ್ನು ಬೇಡುವ ಈ ತರ್ಕ ನಮಗೆ ಅಪರಿಚಿತವಲ್ಲ. ಇಷ್ಟು ಜನ ಬಲಿಯಾದ ಮೇಲೆ ಈಗ ನಿಲ್ಲಿಸಿದರೆ ಅವರ ಬಲಿ ವ್ಯರ್ಥವಾಗುವುದಿಲ್ಲವೆ ಎಂದು ಯುದ್ಧ ನಡೆಸುವ ಎಲ್ಲ ನಾಯಕರೂ ಕೇಳುತ್ತಾರೆ. ಕಣ್ಣೀರು ನಿಜವಾಗಿದ್ದೂ ಹೊಣೆಯಿಂದ ನುಣುಚಿಕೊಳ್ಳುವ ದಾರಿಯಾಗಬಹುದು ಎಂಬುದನ್ನು ‘ಗದಾಯುದ್ಧ’ದಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಕೃತಿಯನ್ನು ನಾನು ಕನ್ನಡದಲ್ಲಿ ಓದಿಲ್ಲ.

ಇನ್ನು ಆಳಿನ ಮಾತು. ಕೌರವರ ಕಡೆ ಹನ್ನೊಂದು ಅಕ್ಷೌಹಿಣಿ ಸೇನೆಯಿತ್ತೆಂಬುದು ಎಲ್ಲರಿಗೂ ಗೊತ್ತು. ಒಂದು ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಹನ್ನೊಂದಕ್ಕೆ ಗುಣಿಸಿದರೆ ಕಾಲಾಳುಗಳೇ 12,02,850. ನಮ್ಮ ಪರಂಪರೆ ಆನೆ ಕುದುರೆಗಳ ಜೊತೆಗೆ ಮನುಷ್ಯರನ್ನು ಒಂದೊಂದಾಗಿ ಎಣಿಸಿತು, ಹೆಸರಿಡಲಿಲ್ಲ. ದುರ್ಯೋಧನ ಆ ಕಾಲಾಳುಗಳ ಹೆಣಗಳನ್ನು ದಾಟಿಕೊಂಡೇ ಕರ್ಣನ ಬಳಿಗೆ ಹೋಗಬೇಕು. ಅವರು ಅವನ ಕಾಲಿಗೆ ತೊಡರುತ್ತಾರೆ, ಮನಸ್ಸಿಗೆ ತೊಡರುವುದಿಲ್ಲ. ‘ಆಳು’ ಎಂಬ ಶಬ್ದವೇ ನಮ್ಮಲ್ಲಿ ವಿಚಿತ್ರವಾದುದು. ನಾಮಪದವಾದರೆ ಸೇವಕ, ಯೋಧ. ಕ್ರಿಯಾಪದವಾದರೆ ರಾಜ್ಯಭಾರ ಮಾಡುವುದು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಕೂಲಿಯವರಿಗೆ ಆ ಹೆಸರೇ. ಆದರೆ ತೋಟದ ಆಳಿಗೆ ಸಂಜೆ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಒಂದು ಗುರುತಾದರೂ ಇರುತ್ತದೆ.

ಕಾವ್ಯದಲ್ಲಿ ಅರಸನನ್ನು ಎದುರು ನಿಲ್ಲಿಸಿ ಕೇಳುವವರೇ ಇಲ್ಲವೆ? ಇದ್ದಾರೆ, ಅವು ಮರುಳುಗಳು. ಕಳದಲ್ಲಿ ಹೆಣಕ್ಕಾಗಿ ನೆರೆದ ಪಿಶಾಚಿಗಳು ದುರ್ಯೋಧನನನ್ನು ಕಂಡು ಅಣಕಿಸುತ್ತವೆ. ತಂದೆತಾಯಿಗಳು ಬೇಡುತ್ತಾರೆ, ಭೀಷ್ಮ ಬುದ್ಧಿ ಹೇಳುತ್ತಾನೆ, ಸಂಜಯ ಕೈಹಿಡಿದು ನಡೆಸುತ್ತಾನೆ. ಮುಖಕ್ಕೆ ಹೊಡೆದಂತೆ ಆಡುವ ಧೈರ್ಯ ಮಾತ್ರ ಮರುಳುಗಳದು. ಊರಿನ ಹಿರಿಯರು ಆಡಬೇಕಾದ ಮಾತನ್ನು ಪಿಶಾಚಿಗಳಿಂದ ಆಡಿಸಬೇಕಾಗಿ ಬಂದುದು ಕವಿಯ ವಿನೋದವೋ, ಅವನ ಕಾಲದ ಮೇಲೆ ಅವನು ಮಾಡಿದ ಟೀಕೆಯೋ ವಾಚಕರೇ ನಿರ್ಧರಿಸಲಿ.

ಊರಿನ ಹಿರಿಯರೇ ಆ ಮಾತನ್ನು ಆಡುವ ಒಂದು ಕೃತಿ ಕನ್ನಡದಲ್ಲಿದೆ. ‘ಗದಾಯುದ್ಧ’ವನ್ನು ನಾಟಕವಾಗಿ ರೂಪಿಸಿದ ಬಿ. ಎಂ. ಶ್ರೀಕಂಠಯ್ಯನವರೇ ಗ್ರೀಕ್ ಕವಿ ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ 1935ರಲ್ಲಿ ಕನ್ನಡಕ್ಕೆ ತಂದರು. ಕ್ರಿ. ಪೂ. 480ರಲ್ಲಿ ಸಲಾಮಿಸ್ ಎಂಬಲ್ಲಿ ಪಾರಸಿಕರ ನೌಕಾಪಡೆ ಗ್ರೀಕರಿಗೆ ಸೋತಿತು. ಎಂಟು ವರ್ಷಗಳ ತರುವಾಯ, ಗೆದ್ದವರ ನಗರವಾದ ಅಥೆನ್ಸಿನಲ್ಲಿ, ಸೋತವರ ಅರಮನೆಯ ದುಃಖವನ್ನು ತೋರಿಸುವ ಈ ನಾಟಕ ರಂಗಕ್ಕೆ ಬಂತು. ಕೊನೆಯಲ್ಲಿ ದೊರೆ ಜರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಒಬ್ಬನೇ ಹಿಂತಿರುಗುತ್ತಾನೆ. ನಗರದ ವೃದ್ಧರು ಅವನನ್ನು ಸುತ್ತುವರಿದು ಅವನೊಡನೆ ಹೋದ ದಳಪತಿಗಳ ಹೆಸರನ್ನು ಒಂದೊಂದಾಗಿ ಹಿಡಿದು, ಅವನೆಲ್ಲಿ, ಇವನೆಲ್ಲಿ, ಎಲ್ಲಿ ಬಿಟ್ಟುಬಂದೆ ಎಂದು ಕೇಳುತ್ತಾರೆ. ದೊರೆಗೆ ಹೇಳಲು ಸಾವಿನ ಸುದ್ದಿಯ ಹೊರತು ಬೇರೇನೂ ಇಲ್ಲ. ಆ ಹೆಸರುಗಳೇ ದೋಷಾರೋಪಣೆಯ ಪಟ್ಟಿಯಾಗುತ್ತವೆ.

ಇದೇ ನಾಟಕದ ಆರಂಭದಲ್ಲಿ ರಾಜಮಾತೆ ಒಂದು ಮಾತು ಆಡುತ್ತಾಳೆ: ಮಗ ಗೆದ್ದರೆ ಕೀರ್ತಿ, ಸೋತರೂ ಅವನು ನಗರಕ್ಕೆ ಲೆಕ್ಕ ಒಪ್ಪಿಸಬೇಕಾದವನಲ್ಲ, ಬದುಕಿ ಬಂದರೆ ಅವನೇ ದೊರೆ. ಅಥೆನ್ಸಿನ ಪ್ರೇಕ್ಷಕರಿಗೆ ಈ ಮಾತು ಚುರುಕ್ಕೆಂದಿರಬೇಕು. ಏಕೆಂದರೆ ಅವರಲ್ಲಿ ಅಧಿಕಾರದಿಂದ ಇಳಿಯುವ ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ಪರಿಶೀಲನೆಗೆ ಒಪ್ಪಿಸಬೇಕೆಂಬ ಕಟ್ಟಳೆಯಿತ್ತು. ರಾಜಮಾತೆ ಬಳಸುವುದು ಆ ಕಟ್ಟಳೆಯ ಮಾತನ್ನೇ. ಪ್ರಜೆಗೂ ಪ್ರಜಾಪ್ರಭುತ್ವಕ್ಕೂ ಇರುವ ಸಂಬಂಧ ಆ ಒಂದು ಮಾತಿನಲ್ಲಿ ಅಡಗಿದೆ.

ಎರಡು ಕೃತಿಗಳನ್ನೂ ಜೊತೆಗಿಟ್ಟು ನೋಡಿದಾಗ ಒಂದು ಸಾಮ್ಯ ಕಣ್ಣಿಗೆ ಬೀಳುತ್ತದೆ. ರನ್ನನೂ ಗೆದ್ದವರ ಕಡೆಯ ಕವಿಯೇ. ಅವನ ಒಡೆಯ ಚಾಳುಕ್ಯರ ಇರಿವಬೆಡಂಗ ಸತ್ಯಾಶ್ರಯ. ಕಾವ್ಯದಲ್ಲಿ ಅವನನ್ನು ಭೀಮನಿಗೆ ಹೋಲಿಸಲಾಗಿದೆ. ಇಬ್ಬರು ಕವಿಗಳೂ ಗೆದ್ದವರ ಸಭೆಯಲ್ಲಿ ಕುಳಿತು ಸೋತವನ ದುಃಖವನ್ನು ಹಾಡಿದರು. ಅದು ಅವರ ಹಿರಿಮೆ. ಸೋತವನಿಂದ ಲೆಕ್ಕ ಕೇಳುವುದು ಸುಲಭ, ಗೆದ್ದ ತಮ್ಮ ಒಡೆಯರಿಂದ ಇಬ್ಬರೂ ಕೇಳಲಿಲ್ಲ. ಅದು ಅವರ ಮಿತಿ. ಯುದ್ಧ ಮುಗಿದ ಕಳವನ್ನೇ ರಂಗಸ್ಥಳವಾಗಿ ಮಾಡಿಕೊಂಡ ‘ಸ್ಮಶಾನ ಕುರುಕ್ಷೇತ್ರಂ’ ನಾಟಕವನ್ನು ನಮ್ಮ ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಬರೆದುದನ್ನು ಇಲ್ಲಿ ನೆನೆಯಬೇಕು. ಅದರ ವಿಚಾರಕ್ಕೆ ಬೇರೆಯೇ ಲೇಖನ ಬೇಕಾದೀತು.

ಯುದ್ಧ ನಡೆಯುತ್ತಿರುವಾಗ ಪ್ರಶ್ನಿಸಿದರೆ ಸೈನಿಕನ ಕೈ ನಡುಗುತ್ತದೆ, ಶತ್ರುವಿಗೆ ಹುರುಪು ಬರುತ್ತದೆ ಎಂಬ ಆಕ್ಷೇಪವಿದೆ. ಇದನ್ನು ಹೇಳುವವರೆಲ್ಲರೂ ಕಪಟಿಗಳಲ್ಲ. ಕೆರಳಿದ ಸಭೆ ಲೆಕ್ಕ ಕೇಳಹೊರಟರೆ ಏನಾಗುತ್ತದೆಂಬುದಕ್ಕೆ ಅದೇ ಅಥೆನ್ಸ್ ಉದಾಹರಣೆ. ಕ್ರಿ. ಪೂ. 406ರಲ್ಲಿ ಅರ್ಗಿನ್ಯೂಸೆಯ ನೌಕಾಯುದ್ಧವನ್ನು ಗೆದ್ದ ಸೇನಾಪತಿಗಳ ಮೇಲೆ, ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ರಕ್ಷಿಸಲಿಲ್ಲವೆಂಬ ಆರೋಪ ಬಂತು. ಎಲ್ಲರನ್ನೂ ಒಂದೇ ಮತದಲ್ಲಿ ಒಟ್ಟಾಗಿ ವಿಚಾರಿಸುವುದು ಕಟ್ಟಳೆಗೆ ವಿರುದ್ಧವೆಂದು ಸಾಕ್ರಟೀಸ್ ಹೇಳಿದ, ಸಭೆ ಕೇಳಲಿಲ್ಲ. ಆರು ಮಂದಿಗೆ ಮರಣದಂಡನೆಯಾಯಿತು. ಆಮೇಲೆ ನಗರ ಪಶ್ಚಾತ್ತಾಪಪಟ್ಟಿತು. ಆದುದರಿಂದ ಲೆಕ್ಕ ಕೇಳುವುದಕ್ಕೂ ಒಂದು ಕ್ರಮ ಬೇಕು, ತಾಳ್ಮೆ ಬೇಕು.

ಆದರೆ ತಾಳ್ಮೆಯ ಹೆಸರಿನಲ್ಲಿ ಬೀಗ ಹಾಕುವುದೂ ಉಂಟು. ನಮ್ಮ ಹುಡುಗಿಯ ಚಿಕ್ಕಜ್ಜ ಹೋದ ಯುದ್ಧವನ್ನೇ ನೋಡೋಣ. 1962ರ ಅಕ್ಟೋಬರ್ 20ರಂದು ಚೀನಾದ ದಾಳಿ ಮೊದಲಾಯಿತು. ಯುದ್ಧ ನಡೆಯುತ್ತಿರುವಾಗಲೇ ರಕ್ಷಣಾ ಸಚಿವ ಕೃಷ್ಣ ಮೆನನ್ ಅಧಿಕಾರ ಬಿಡಬೇಕಾಯಿತು. ಯುದ್ಧ ನಡೆಯುತ್ತಿರುವಾಗಲೇ ನವೆಂಬರ್ 8ರಂದು ಸಂಸತ್ತು ಸೇರಿತು, ಸದಸ್ಯರು ಸರಕಾರವನ್ನು ಎದುರಿಗೇ ಟೀಕಿಸಿದರು. ಆ ಪ್ರಶ್ನೆಗಳಿಂದ ದೇಶ ಒಡೆಯಲಿಲ್ಲ. ಯುದ್ಧ ನಿಂತ ಮೇಲೆ ಸೋಲಿನ ಕಾರಣಗಳನ್ನು ಪರಿಶೀಲಿಸಿ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಅವರು 1963ರಲ್ಲಿ ವರದಿ ಕೊಟ್ಟರು. ಅದನ್ನು ಗುಪ್ತವಾಗಿಡಲಾಯಿತು. ನಲವತ್ತೇಳು ವರ್ಷಗಳ ನಂತರ, 2010ರಲ್ಲಿ, ಅದು ಇನ್ನೂ ಸೂಕ್ಷ್ಮವಾದುದೆಂದು ರಕ್ಷಣಾ ಸಚಿವರು ಸಂಸತ್ತಿಗೆ ತಿಳಿಸಿದರು. 2014ರಲ್ಲಿ ಅದರ ಒಂದು ಭಾಗ ಹೊರಬಿದ್ದುದು ಒಬ್ಬ ವಿದೇಶೀ ಪತ್ರಕರ್ತರಿಂದ. ಸರಕಾರಿ ಲೆಕ್ಕದಲ್ಲಿ ಆ ಯುದ್ಧದಲ್ಲಿ ಸತ್ತವರು 1,383, ಕಾಣೆಯಾದವರು 1,696. ಆ ಎರಡನೆಯ ಅಂಕಿಯಲ್ಲಿ ಕಳಸದ ಆ ಮನೆಯವರೊಬ್ಬರು ಇದ್ದಾರೆ. ಯುದ್ಧದ ನಡುವೆ ಬಾಯಿಬಿಟ್ಟು ಕೇಳಿದ ನಾವು ಯುದ್ಧದ ನಂತರ ಉತ್ತರ ಪಡೆಯಲಿಲ್ಲ. ಹೀಗೇ ಆಗಬೇಕೆಂದೇನೂ ಇರಲಿಲ್ಲ. ಕಾರ್ಗಿಲ್ ಯುದ್ಧದ ಪರಿಶೀಲನೆಗೆ 1999ರಲ್ಲಿ ನೇಮಿಸಿದ ಸಮಿತಿಯ ವರದಿ ಕೆಲವು ಭಾಗಗಳನ್ನು ಬಿಟ್ಟಾದರೂ 2000ದಲ್ಲಿ ಸಂಸತ್ತಿನ ಮುಂದೆ ಬಂತು.

ಮತಪೆಟ್ಟಿಗೆಯೇ ಪ್ರಜೆಯ ಲೆಕ್ಕದ ಪುಸ್ತಕವಲ್ಲವೆ ಎಂದು ಕೆಲವರು ಕೇಳುತ್ತಾರೆ. ಚಿಕ್ಕಮಗಳೂರಿನವರಿಗೆ ಈ ಮಾತು ಹೊಸದಲ್ಲ. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಸೋತ ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಲೋಕಸಭೆಗೆ ಮರಳಿಸಿದುದು ಇದೇ ಕ್ಷೇತ್ರ. ಅದೇ ಸಮಯದಲ್ಲಿ ದೆಹಲಿಯಲ್ಲಿ ತುರ್ತುಪರಿಸ್ಥಿತಿಯ ಬಗ್ಗೆ ಷಾ ಆಯೋಗದ ವರದಿಗಳು ಬಂದಿದ್ದವು. ಆ ಮತ ಸರಿಯೋ ತಪ್ಪೋ ಎಂಬ ವಾದ ನಮ್ಮೂರಿನ ಹಿರಿಯರಲ್ಲಿ ಇನ್ನೂ ಮುಗಿದಿಲ್ಲ. ನಾನು ಹೇಳುವುದು ಇಷ್ಟೆ: ಮತ ಎಂಬುದು ನಾಳೆ ಯಾರು ಆಳಬೇಕೆಂಬುದಕ್ಕೆ ಉತ್ತರ. ನಿನ್ನೆ ಏನಾಯಿತು, ಯಾರು ಮಾಡಿದರು ಎಂಬುದನ್ನು ಅದರಿಂದ ತಿಳಿಯಲಾಗದು. ಅದಕ್ಕೆ ಬರೆದಿಟ್ಟ ಲೆಕ್ಕವೇ ಬೇಕು.

ನಮಗೆ ದೂರದ್ದೆನಿಸುವ ಯುದ್ಧಗಳಲ್ಲಿಯೂ ನಮ್ಮ ಪಾಲು ಇರುತ್ತದೆ. ಈ ಬೆಟ್ಟಕ್ಕೆ ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ತಂದರೆಂಬ ಐತಿಹ್ಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತಂದದ್ದು ಯಮನ್ ದೇಶದ ಮೋಖಾ ಬಂದರಿನಿಂದ. ಆ ಯಮನ್ 2014ರಲ್ಲಿ ಅಂತರ್ಯುದ್ಧಕ್ಕೆ ಬಿತ್ತು; 2015ರಲ್ಲಿ ನೆರೆಯ ಸೌದಿ ಅರೇಬಿಯದ ಮುಂದಾಳುತನದ ಕೂಟ ವಿಮಾನದಾಳಿ ಆರಂಭಿಸಿತು. 2021ರ ಕೊನೆಯ ಹೊತ್ತಿಗೆ ಯುದ್ಧದಿಂದಲೂ, ಅದು ತಂದ ಹಸಿವು ರೋಗಗಳಿಂದಲೂ ಸತ್ತವರು 3,77,000 ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಮತ್ತೆ ಅಕ್ಷೌಹಿಣಿಯ ಲೆಕ್ಕ, ಹೆಸರಿಲ್ಲ. ಎಲ್ಲ ಪಕ್ಷಗಳ ಅಪರಾಧಗಳನ್ನೂ ವಿಚಾರಿಸಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2017ರಲ್ಲಿ ಒಂದು ತಜ್ಞರ ಗುಂಪನ್ನು ನೇಮಿಸಿತ್ತು. ಅದನ್ನು ಮುಂದುವರಿಸಬೇಕೆಂಬ ನಿರ್ಣಯ 2021ರ ಅಕ್ಟೋಬರ್ 7ರಂದು 18ಕ್ಕೆ ವಿರುದ್ಧವಾಗಿ 21 ಮತಗಳಿಂದ ಬಿದ್ದುಹೋಯಿತು. ಆ ಇಪ್ಪತ್ತೊಂದರಲ್ಲಿ ಭಾರತದ ಮತವೂ ಒಂದು. ಹೊರಗಿನವರು ಹೀಗೆ ವಿಚಾರಣೆ ನಡೆಸುವುದು ಆಯಾ ದೇಶಗಳ ಸ್ವಾತಂತ್ರ್ಯಕ್ಕೆ ಭಂಗವೆಂಬ ವಾದವನ್ನು ನಾನು ಬಲ್ಲೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಮೋಖಾದ ಋಣ ತಿನ್ನುವ ನಮ್ಮ ಜಿಲ್ಲೆಯಲ್ಲಿ ಆ ಮತದ ಬಗ್ಗೆ ಒಂದು ಮಾತನ್ನೂ ನಾನು ಯಾರ ಬಾಯಿಂದಲೂ ಕೇಳಲಿಲ್ಲ. ನಾನೂ ಆಡಲಿಲ್ಲ. ಉಕ್ರೇನ್ ಯುದ್ಧ ನಡೆಯುತ್ತಿರುವಾಗಲೇ 2023ರ ಮಾರ್ಚಿಯಲ್ಲಿ ರಷ್ಯದ ಅಧ್ಯಕ್ಷ ಪುಟಿನ್ ಅವರ ಮೇಲೂ, 2024ರ ನವೆಂಬರಿನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ಅವರ ಮೇಲೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವಾರಂಟು ಹೊರಡಿಸಿದಾಗ ಕಾಫಿ ಹೋಟೆಲುಗಳಲ್ಲಿ ನಡೆದ ಬಿಸಿಬಿಸಿ ಚರ್ಚೆಯಲ್ಲಿ ನಾನೂ ಇದ್ದೆ. ಅಲ್ಲಿ ಯಾರು ಗೆದ್ದಾರು ಎಂಬ ಮಾತೇ ಹೆಚ್ಚಾಗಿತ್ತು.

ಹಾಗಾದರೆ ‘ಗದಾಯುದ್ಧ’ವನ್ನು ಇನ್ನು ಹೇಗೆ ಓದಬೇಕು? ದುರ್ಯೋಧನನಿಗಾಗಿ ಅಳಬಾರದೆಂದು ನಾನು ಹೇಳಲಾರೆ. ರನ್ನನು ಅಳಿಸಿದರೆ ಅಳಲೇಬೇಕು. ಆದರೆ ಅತ್ತು ಮುಗಿಸಿದ ಮೇಲೆ ಓದು ಮುಗಿಯಬಾರದು. ಅರಸನ ಜೊತೆಯಲ್ಲಿ ನಡೆಯುವಾಗ ಅವನು ಎಲ್ಲಿ ನಿಂತನೆಂಬುದರ ಜೊತೆಗೆ ಎಲ್ಲಿ ನಿಲ್ಲದೆ ದಾಟಿದನೆಂಬುದನ್ನೂ ನೋಡಬೇಕು. ಅಷ್ಟು ನೋಡುವುದಕ್ಕೆ ಬೇಕಾದುದನ್ನೆಲ್ಲ ಕವಿಯೇ ಇಟ್ಟುಕೊಟ್ಟಿದ್ದಾನೆ: ಬದುಕಿರುವ ಅರಸ, ನಿಲ್ಲಿಸಬಹುದಾದ ಘಳಿಗೆ, ಗೊತ್ತಿತ್ತೆಂಬ ಒಪ್ಪಿಗೆ, ಕಾಲಿಗೆ ತೊಡರುವ ಹೆಣಗಳು. ದುರಂತ ನಾಯಕನೆಂಬ ಪಟ್ಟವನ್ನು ಕಟ್ಟುವ ಅವಸರದಲ್ಲಿ ಇದನ್ನು ನೋಡದೆ ಹೋದವರು ನಾವು, ವಿಮರ್ಶಕರು.

ಮರುವರ್ಷ ಆ ಭಾಗವನ್ನು ಹೇಳುವಾಗ ಕರ್ಣನ ಪದ್ಯಕ್ಕೆ ಬಂದು ನಿಂತೆ. ಈ ಮಾತನ್ನು ಸ್ನೇಹವೆನ್ನುತ್ತೀರೋ ತಪ್ಪೊಪ್ಪಿಗೆಯೆನ್ನುತ್ತೀರೋ ಬರೆದು ತನ್ನಿ ಎಂದೆ. ತರಗತಿ ಎರಡು ಪಕ್ಷವಾಯಿತು. ಗಂಟೆ ಬಾರಿಸಿದರೂ ವಾದ ನಿಲ್ಲಲಿಲ್ಲ. ಕಳಸದ ಹುಡುಗಿ ಆಗ ಕೊನೆಯ ವರ್ಷದಲ್ಲಿದ್ದಳು. ಒಂದು ಸಂಜೆ ಸ್ಟಾಫ್ ರೂಮಿಗೆ ಬಂದು, ಚಿಕ್ಕಜ್ಜನ ಬಗ್ಗೆ ಬಂದ ಕಾಗದದ ನಕಲನ್ನು ತೋರಿಸಿದಳು. ಕಾಗದ ಮಡಿಕೆಗಳಲ್ಲಿ ಹರಿದಿದೆ, ಮಸಿ ಮಾಸಿದೆ. ಸೇನಾ ಸಂಖ್ಯೆ ಸ್ಪಷ್ಟವಾಗಿದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಬಿದ್ದಿದೆ. “ನಮ್ಮಪ್ಪ ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದಾರೆ ಸರ್” ಎಂದಳು.